ಮೋಮಿನಪುರದ ಮನೆಬಾಗಿಲಲ್ಲಿ ಆಶಾ ಕಾರ್ಯಕರ್ತೆ

ತಾನು ವಾಸಿಸುವ ಬಡಾವಣೆಯ ಮನೆಗಳಿಗೂ ಸರಕಾರಿ ಆಸ್ಪತ್ರೆಗೂ ಕೊಂಡಿಯಾಗಿ ದುಡಿಯುವ ಮಹಿಳೆಯೇ ಸಮುದಾಯ ಆರೋಗ್ಯ ಕಾರ್ಯಕರ್ತೆ. ನಮ್ಮ ದೇಶದಲ್ಲಿ ಆಕೆಗೆ ‘ಆಶಾ’ ಎಂದು ಹೆಸರು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಹಳ್ಳಿಗಳಲ್ಲಿ ಆರಂಭವಾದ ಈ ವ್ಯವಸ್ಥೆ 2013ರ ನಗರ ಆರೋಗ್ಯ ಅಭಿಯಾನದ ಮೂಲಕ ನಗರದ ಬಡ ಬಡಾವಣೆಗಳಿಗೂ ಬಂತು. ನಗರದಲ್ಲಿ 200ರಿಂದ 500 ಮನೆಗಳಿಗೆ ಒಬ್ಬ ಆಶಾ ಇರಬೇಕು, ಆಕೆ ಅದೇ ಪ್ರದೇಶದ ನಿವಾಸಿಯಾಗಿರಬೇಕು ಎಂಬುದು ನಿಯಮ. ಅಲ್ಪಸಂಖ್ಯಾತರ ಆರೋಗ್ಯಸೇವೆಯಲ್ಲಿ ಈ ಎರಡನೆಯ ನಿಯಮವೇ ಮುಖ್ಯವಾದುದು.

2020ರ ಪರೀಕ್ಷೆ

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್ 10ರಂದು. ಮೃತರು ಕಲಬುರಗಿಯ ವೃದ್ಧರು. ನಗರದ ಮುಸ್ಲಿಂ ಬಾಹುಳ್ಯದ ಮೋಮಿನಪುರ ಮುಂದಿನ ವಾರಗಳಲ್ಲಿ ನಿರ್ಬಂಧಿತ ವಲಯವಾಯಿತು. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಆಗ ಮನೆಮನೆ ಸಮೀಕ್ಷೆಗೆ ಇಳಿದರು. ರೋಗದ ಹೊಣೆಯನ್ನು ಒಂದು ಸಮುದಾಯದ ತಲೆಗೆ ಕಟ್ಟುವ ಮಾತುಗಳು ಹರಡುತ್ತಿದ್ದ ಕಾಲವದು. ಅಪರಿಚಿತರು ಬಂದು ಹೆಸರು, ಪ್ರಯಾಣದ ವಿವರ ಕೇಳಿದರೆ ಜನ ಹೆದರುವುದು ಸಹಜ. ಹೆದರಿ ಜ್ವರ ಮುಚ್ಚಿಟ್ಟರೆ ಜೀವಕ್ಕೇ ಅಪಾಯ. ಪರಿಚಿತ ಮುಖ, ಪರಿಚಿತ ಭಾಷೆ ಇಂಥಲ್ಲಿ ಔಷಧಿಯಷ್ಟೇ ಅಗತ್ಯ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಪ್ರಶಸ್ತಿ ನೀಡಿ ಗೌರವಿಸಿತು.

ಭಾಷೆ

ಕಲಬುರಗಿಯ ಮುಸ್ಲಿಂ ಕುಟುಂಬಗಳ ಮನೆಮಾತು ದಖನಿ ಉರ್ದು. ಕರಾವಳಿಯಲ್ಲಿ ಬ್ಯಾರಿ, ಕೊಂಕಣಿ, ತುಳು ಇರುವಂತೆ ಅಲ್ಲಿ ದಖನಿ. ಅಂಗಡಿ, ಕಚೇರಿಗಳಲ್ಲಿ ಕನ್ನಡ ಆಡುವ ಮಹಿಳೆಗೂ ಮುಟ್ಟಿನ ತೊಂದರೆಯನ್ನೋ ಗರ್ಭಪಾತದ ನೋವನ್ನೋ ಹೇಳಿಕೊಳ್ಳಲು ಮನೆಮಾತೇ ಬೇಕು. ಮಗನನ್ನೋ ಗಂಡನನ್ನೋ ದುಭಾಷಿಯಾಗಿ ನಿಲ್ಲಿಸಿದರೆ ಮುಖ್ಯ ವಿಷಯವೇ ಹೊರಬರದೆ ಉಳಿದೀತು.

ಬಾಣಂತಿಯ ನಲವತ್ತು ದಿನ

ಹೆರಿಗೆಯ ನಂತರ ನಲವತ್ತು ದಿನ ತಾಯಿ ಮನೆಯಲ್ಲೇ ಇರುವುದು ಅನೇಕ ಮುಸ್ಲಿಂ ಕುಟುಂಬಗಳ ಪದ್ಧತಿ. ಸರಕಾರದ ನವಜಾತ ಶಿಶು ಆರೈಕೆ ಕಾರ್ಯಕ್ರಮದಲ್ಲಿ, ಆಸ್ಪತ್ರೆಯಲ್ಲಿ ಹೆರಿಗೆಯಾದರೆ, ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಬೇಕು. ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಆರು ವಾರಕ್ಕೆ, ಅಂದರೆ 42 ದಿನಕ್ಕೆ. ಹೀಗಾಗಿ ಪದ್ಧತಿಗೂ ಲಸಿಕೆಗೂ ಜಗಳವಿಲ್ಲ. “ನಲವತ್ತು ಮುಗಿದ ಕೂಡಲೇ ಲಸಿಕೆ” ಎಂದು ಹೇಳಿದರೆ ಅಜ್ಜಿಯೂ ದಿನ ಮರೆಯುವುದಿಲ್ಲ.

ರಂಜಾನ್ ಮತ್ತು ಮಾತ್ರೆ

ಕ್ಷಯರೋಗದ ಸಾಮಾನ್ಯ ಚಿಕಿತ್ಸೆ ಆರು ತಿಂಗಳು, ದಿನವೂ ಔಷಧಿ. ನಡುವೆ ರಂಜಾನ್ ಬಂದರೆ ಮಾತ್ರೆ ನಿಲ್ಲಿಸಬಾರದು. ಸಹರಿ ಅಥವಾ ಇಫ್ತಾರ್ ವೇಳೆಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಇನ್ಸುಲಿನ್ ಪಡೆಯುವ ಮಧುಮೇಹಿಗಳಂತೂ ಸ್ವಂತವಾಗಿ ಪ್ರಮಾಣ ಬದಲಿಸಬಾರದು. ಇಸ್ಲಾಮಿನಲ್ಲಿ ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ. ಆ ಮಾತು ಮೌಲ್ವಿಯವರ ಬಾಯಿಂದ ಬಂದರೆ ಮನಸ್ಸಿಗೆ ಸಮಾಧಾನ. ಉತ್ತರ ಪ್ರದೇಶದ ಪೋಲಿಯೊ ಅಭಿಯಾನದಲ್ಲಿ ಮಸೀದಿಗಳ ಇಮಾಮರೂ ಸ್ಥಳೀಯ ಮಹಿಳೆಯರೂ ಕೈಜೋಡಿಸಿದ ಬಳಿಕವೇ ಹನಿಯ ಕುರಿತ ಸಂಶಯಗಳು ಕರಗತೊಡಗಿದವು. 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಿತವಾಯಿತು.

ಗಮನಿಸಬೇಕಾದ ಅಂಶಗಳು

ಒಂದೇ ಧರ್ಮದವರೆಲ್ಲ ಒಂದೇ ರೀತಿ ಬದುಕುವುದಿಲ್ಲ. ಊಹಿಸುವುದಕ್ಕಿಂತ ಕೇಳುವುದು ಮೇಲು. ಅದೇ ಬೀದಿಯ ಕಾರ್ಯಕರ್ತೆಗೆ ಇನ್ನೊಂದು ಹೊಣೆಯೂ ಇದೆ: ಒಂದು ಮನೆಯ ಗುಟ್ಟು ಪಕ್ಕದ ಮನೆಗೆ ಹೋಗಬಾರದು.

ಇಷ್ಟೆಲ್ಲ ಹೊಣೆ ಹೊತ್ತರೂ ಆಶಾ ಸರಕಾರಿ ನೌಕರಳಲ್ಲ. ಆಕೆಗೆ ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. ತಿಂಗಳಿಗೆ ಖಚಿತ ಆದಾಯ ಬೇಕೆಂದು 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತಿದ್ದರು. ಧರ್ಮಕೇಂದ್ರಗಳಲ್ಲಿ ಆರೋಗ್ಯ ಶಿಬಿರ ಏರ್ಪಡಿಸುವವರು ಆ ಪ್ರದೇಶದ ಆಶಾಳನ್ನು ದಿನ ನಿಗದಿಪಡಿಸುವ ಮೊದಲೇ ಕರೆದು ಕೇಳುವುದು ಒಳ್ಳೆಯದು. ಯಾವ ಮನೆಯವರು ಶಿಬಿರಕ್ಕೆ ಬರಲಾರರು, ಏಕೆ ಬರಲಾರರು ಎಂಬುದು ಆಕೆಗೆ ಗೊತ್ತಿರುತ್ತದೆ.