ಮೇಲಂತಸ್ತಿನ ಬಾಡಿಗೆ ಮನೆ: ತಂಪಿನ ದಾರಿ ತಾರಸಿಯಿಂದ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗಿನ 8ಕ್ಕೇ ಆರಂಭಗೊಂಡು ಮಧ್ಯಾಹ್ನ ಮುಗಿಯುವುದು ರೂಢಿ. ಬಿಸಿಲೇರುವ ಮುನ್ನ ಜನ ಮನೆ ಸೇರಲಿ ಎಂಬುದು ಉದ್ದೇಶ. ಆದರೆ ಆ ಮನೆ ಮೇಲಂತಸ್ತಿನ ಬಾಡಿಗೆ ಮನೆಯಾಗಿದ್ದರೆ, ಸೇರಿದ್ದು ನೆರಳಿಗೋ ಒಲೆಯೊಳಕ್ಕೋ ಎಂಬ ಅನುಮಾನ ಬಾರದಿರದು.

ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಹೀಗಾಗಿ ಗೋಡೆಗಳಿಗಿಂತ ಹೆಚ್ಚು ಬಿಸಿಲುಣ್ಣುವುದು ತಾರಸಿ. ಹಗಲೆಲ್ಲ ಹೀರಿದ ಶಾಖವನ್ನು ಕಾಂಕ್ರೀಟ್ ಕೆಲವು ಗಂಟೆ ತಡೆದಿಟ್ಟು, ಸಂಜೆಯ ನಂತರವೂ ಕೆಳಗಿನ ಕೋಣೆಗೆ ಬಿಡುತ್ತಿರುತ್ತದೆ. ರಾತ್ರಿ ಹತ್ತಕ್ಕೆ ಹೊರಗೆ ಗಾಳಿ ತಣಿದಿದ್ದರೂ ಒಳಗೆ ಹಾಸಿಗೆ ಬಿಸಿಯಾಗಿರುವುದು ಇದರಿಂದಲೇ. ದಪ್ಪ ಮಣ್ಣು ಹೊದಿಸಿದ ಹಳೆಯ ಮಾಳಿಗೆ ಮನೆಗಳಲ್ಲಿ ಈ ಪಾಡು ಇಷ್ಟಿರಲಿಲ್ಲ. ತಾರಸಿಯನ್ನು ಹಾಗೆಯೇ ಬಿಟ್ಟು ಕೋಣೆಯೊಳಗೆ ಎಷ್ಟು ಸಾಧನ ತಂದಿಟ್ಟರೂ ಅರ್ಧ ಫಲವಷ್ಟೇ.

ತಾರಸಿಗೆ ಅಗ್ಗದ ಉಪಾಯ ಸುಣ್ಣ. ಬಿಳಿಯ ಮೇಲ್ಮೈ ಬಿಸಿಲಿನ ಬಹುಪಾಲನ್ನು ಮರಳಿ ಆಕಾಶಕ್ಕೆ ಕಳಿಸುತ್ತದೆ. ಮಾರ್ಚ್ ಮೊದಲಲ್ಲಿ ತಾರಸಿಯನ್ನು ಗುಡಿಸಿ ತೊಳೆದು ಒಣಗಿಸಿ, ರಾತ್ರಿಯಿಡೀ ಅರಳಿಸಿದ ಸುಣ್ಣವನ್ನು ಸೋಸಿ, ಹಿಡಿತಕ್ಕಾಗಿ ಸ್ವಲ್ಪ ಗೋಂದು ಬೆರೆಸಿ ಬಳಿಯಬೇಕು. ಮೊದಲ ಲೇಪ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹರಳು ಸುಣ್ಣ ನೀರಿಗೆ ಬಿದ್ದೊಡನೆ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ ಬೇಡ. ಹಳೆಯ ಕಬ್ಬಿಣದ ಡಬ್ಬವೇ ಸರಿ. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ, ಮಕ್ಕಳು ದೂರವಿರಲಿ. ಮಳೆನೀರು ಸಂಗ್ರಹದ ತೊಟ್ಟಿಯಿದ್ದಲ್ಲಿ ಮೊದಲ ಮಳೆಗಳ ನೀರನ್ನು ಹೊರಗೆ ಬಿಡಬೇಕು. ಮಾರುಕಟ್ಟೆಯ ಬಿಳಿ ಲೇಪನಗಳು ಹೆಚ್ಚು ಕಾಲ ಬಾಳುತ್ತವೆ, ಬೆಲೆಯೂ ಹೆಚ್ಚು. ಒಂದೆರಡು ಬೇಸಿಗೆ ಕಳೆಯುವ ಬಾಡಿಗೆದಾರರಿಗೆ ಸುಣ್ಣವೇ ಸಾಕು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ಪ್ರಕಟಿಸಿತು ಎಂಬುದು ಇಲ್ಲಿ ಗಮನಾರ್ಹ.

ತೊಡಕಿರುವುದು ಸುಣ್ಣದಲ್ಲಲ್ಲ, ಮಾಲೀಕರಲ್ಲಿ. ಕರಾರು ಸಾಮಾನ್ಯವಾಗಿ 11 ತಿಂಗಳದು; ಬಿಸಿ ಉಣ್ಣುವವರು ಒಬ್ಬರು, ತಾರಸಿಯ ಒಡೆಯರು ಇನ್ನೊಬ್ಬರು. ಕೇಳದೆ ಬಳಿದು ಮುಂಗಡ ಹಣದ ಜಗಳಕ್ಕೆ ಎಡೆಮಾಡುವುದಕ್ಕಿಂತ ಮೊದಲೇ ಮಾತಾಡಿ, ಖರ್ಚು ಯಾರದೆಂದು ಬರೆದಿಟ್ಟುಕೊಳ್ಳುವುದು ಲೇಸು. ಕಡಿಮೆ ಕಾದ ಛಾವಣಿ ಕಡಿಮೆ ಹಿಗ್ಗಿ ಕುಗ್ಗುತ್ತದೆ, ಬಿರುಕೂ ಕಡಿಮೆ; ಈ ಲಾಭ ಮಾಲೀಕರದೇ ಎಂದು ತಿಳಿಸಿದರೆ ಹಲವರು ಒಪ್ಪಿಯಾರು. ಸುಣ್ಣಕ್ಕೆ ಒಪ್ಪದವರು ಹಸಿರು ನೆರಳು ಬಲೆಗಾದರೂ ಒಪ್ಪಬಹುದು. ತಾರಸಿಗಿಂತ ಎತ್ತರಿಸಿ, ಏಪ್ರಿಲ್-ಮೇ ಸಂಜೆಯ ಬಿರುಗಾಳಿಗೆ ಹಾರದಂತೆ ಕಟ್ಟಬೇಕು. ಸಂಜೆ ತಾರಸಿಗೆ ನೀರು ಸುರಿಯುವುದೂ ತಂಪೇ, ಆದರೆ ಕುಡಿಯುವ ನೀರಿಗೇ ಬರವಿರುವ ಓಣಿಯಲ್ಲಿ ಅದನ್ನು ಸಲಹೆ ಮಾಡಲು ಮನಸ್ಸು ಬಾರದು.

ಕಿಟಕಿಗಳ ವಿಷಯದಲ್ಲಿ ನಿಯಮ ಸರಳ. ಹೊರಗಿನ ಗಾಳಿ ಒಳಗಿಗಿಂತ ತಣ್ಣಗಿದ್ದಾಗ ತೆರೆಯಬೇಕು, ಬಿಸಿಯಾದೊಡನೆ ಮುಚ್ಚಬೇಕು. ಅಂದರೆ ರಾತ್ರಿಯಿಂದ ಬೆಳಗಿನ ಎಂಟರವರೆಗೆ ತೆರೆದಿರಲಿ, ಸೊಳ್ಳೆಗೆ ಪರದೆಯಿರಲಿ. ಬಿದಿರಿನ ತಟ್ಟಿಯನ್ನು ಪೂರ್ವ ಮತ್ತು ಪಶ್ಚಿಮದ ಕಿಟಕಿಗಳ ಹೊರಗೆ ಕಟ್ಟಬೇಕು; ಒಳಗಿನ ಪರದೆ, ಗಾಜು ದಾಟಿ ಬಂದ ಶಾಖವನ್ನು ಹಿಂದಕ್ಕೆ ಕಳಿಸಲಾರದು.

ಫ್ಯಾನ್ ಕೋಣೆಯನ್ನು ತಣಿಸುವುದಿಲ್ಲ, ಬೆವರನ್ನು ಆರಿಸುತ್ತದಷ್ಟೇ. ಕೋಣೆಯ ಉಷ್ಣತೆ 40 ಡಿಗ್ರಿ ಮೀರಿದರೆ ಅದು ಬೀಸುವ ಗಾಳಿಯೇ ಮೈ ಕಾಯಿಸುತ್ತದೆ. ಒಣ ಹವೆಯ ಕಲಬುರಗಿ, ರಾಯಚೂರುಗಳಲ್ಲಿ ಏರ್ ಕೂಲರ್ ಚೆನ್ನಾಗಿ ನಡೆಯುತ್ತದೆ. ಅದನ್ನು ಕಿಟಕಿಗೆ ಹೊಂದಿಸಿ, ಎದುರು ಬದಿಯಲ್ಲಿ ಗಾಳಿ ಹೊರಹೋಗಲು ದಾರಿ ಬಿಡಬೇಕು. ಎಲ್ಲವನ್ನೂ ಮುಚ್ಚಿದರೆ ಕೋಣೆ ತೇವಗೊಂಡು ಇನ್ನಷ್ಟು ಕುದಿಯುತ್ತದೆ. ಮಂಗಳೂರಿನ ಬಂಧುಗಳು ಕೂಲರ್ ನಿಷ್ಪ್ರಯೋಜಕವೆಂದರೆ ಅದು ಅವರ ಊರಿನ ಮಟ್ಟಿಗೆ ನಿಜ.

ಇಷ್ಟಾದರೂ ಮನೆಯಲ್ಲಿ ವೃದ್ಧರು, ಹಸುಳೆಗಳು, ಬಾಣಂತಿಯರಿದ್ದರೆ ಅವರ ಮಧ್ಯಾಹ್ನದ ಹೊತ್ತು ಕೆಳಗಿನ ಮನೆಯಲ್ಲಿ ಕಳೆಯುವಂತೆ ಕೇಳಿಕೊಳ್ಳಲು ಸಂಕೋಚ ಬೇಡ. ಮೈ ಸುಡುವಂತಾಗಿ ಮಾತು ತೊದಲಿದರೆ, ಗೊಂದಲ ಕಂಡರೆ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಸುರಿದು ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.