ವಿದ್ಯಾದಾನದ ವ್ಯವಸ್ಥೆ: ಸಾಲೊಟಗಿ, ನಾಗಾವಿ ಮತ್ತು ಇಂದಿನ ದಾನಶಾಸ್ತ್ರ

ದಾನವನ್ನು ಕುರಿತು ಶಾಸ್ತ್ರ ರಚಿಸುವುದು ನಮ್ಮವರಿಗೆ ಹೊಸದಲ್ಲ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿಯು ಹದಿಮೂರನೆಯ ಶತಮಾನದಲ್ಲಿಯೇ ತನ್ನ ‘ಚತುರ್ವರ್ಗಚಿಂತಾಮಣಿ’ಯ ಒಂದು ಖಂಡವನ್ನು ಈ ವಿಷಯಕ್ಕೆ ಮೀಸಲಿಟ್ಟನು. ಅಲ್ಲಿಯ ಜಿಜ್ಞಾಸೆ ಬಹುಮಟ್ಟಿಗೆ ದೇಶ, ಕಾಲ, ಪಾತ್ರ, ಫಲಗಳದು. ಕೊಟ್ಟ ಧನವು ಮುಂದಿನ ತಲೆಮಾರಿನಲ್ಲಿ ಏನಾಯಿತು, ಅದನ್ನು ನಡೆಸುವವರು ಯಾರಿಗೆ ಉತ್ತರವಾದಿಗಳು, ಅದರಿಂದ ಸಮಾಜಕ್ಕೆ ದೊರೆತುದೇನು ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಸ್ನಾತಕೋತ್ತರ ವ್ಯಾಸಂಗವನ್ನು ಏರ್ಪಡಿಸಿದ್ದು ಈಚಿನ ಮಾತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಇದಕ್ಕೊಂದು ಕೇಂದ್ರವೂ 2012ರಲ್ಲಿ ಪ್ರತ್ಯೇಕ ಶಾಲೆಯೂ ಸ್ಥಾಪಿತವಾದುವು. ದಾನವನ್ನು ‘ಸಾಮಾಜಿಕ ಹೂಡಿಕೆ’ಯೆಂದು ಕರೆಯುವ ರೂಢಿಯೂ ಈಗ ಬಲಿಯುತ್ತಿದೆ. ಈ ಹೆಸರು ಕಿವಿಗೆ ವ್ಯಾಪಾರದ ಮಾತಿನಂತೆ ಕೇಳಿಸುವುದು ನಿಜ; ಆದರೆ ಅದರ ಅರ್ಥವನ್ನು ಬಲ್ಲವರು ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಇದ್ದರೆಂಬುದಕ್ಕೆ ಶಿಲಾಶಾಸನಗಳೇ ಸಾಕ್ಷಿ.

ಮೊದಲು ಸಾಲೊಟಗಿಯನ್ನು ನೋಡೋಣ. ಇದು ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ತ್ರೈಪುರುಷ ದೇವರಿಗಾಗಿ ಕಟ್ಟಿಸಿದ ಶಾಲೆಯನ್ನು ಕ್ರಿ.ಶ. 945ರ ಶಾಸನ ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ಸಲುವಾಗಿ 500 ನಿವರ್ತನ ಭೂಮಿ, ವಸತಿಗೆ 27 ಮನೆಗಳು, ದೀಪಕ್ಕೆಂದು 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ. ದೀಪದೆಣ್ಣೆಯ ವೆಚ್ಚವನ್ನು ಬೇರೆಯಾಗಿ ತೆಗೆದಿರಿಸಿದ ಈ ವಿವೇಕವನ್ನು ಗಮನಿಸಬೇಕು. ಊಟಕ್ಕೂ ಸಂಬಳಕ್ಕೂ ಹಣ ಸಾಲದೆ ಹೋದಾಗ ಮೊದಲು ಕತ್ತರಿ ಬೀಳುವುದು ದೀಪಕ್ಕೆ ಎಂಬುದನ್ನು ಸಂಸ್ಥೆ ನಡೆಸಿದವರೆಲ್ಲರೂ ಬಲ್ಲರು.

ಇದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು ಏರ್ಪಾಡು. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಮತ್ತೂ ಅರ್ಧ ಈ ಶಾಲೆಗೆ ಸಲ್ಲಬೇಕು. ಬ್ರಾಹ್ಮಣಸಂತರ್ಪಣೆ ನಡೆದಲ್ಲಿ ಶಾಲೆಯವರಿಗೂ ಯಥಾಶಕ್ತಿ ಊಟವಿಕ್ಕಬೇಕು. ಮಂತ್ರಿಯೊಬ್ಬನ ಔದಾರ್ಯದಿಂದ ಆರಂಭವಾದ ಸಂಸ್ಥೆಯು ಹೀಗೆ ಊರಿನ ಪ್ರತಿಯೊಂದು ಶುಭಕಾರ್ಯದೊಡನೆ ಹೆಣೆದುಕೊಂಡಿತು. ದಾತೃವು ಗತಿಸಿದರೂ ಊರಿನಲ್ಲಿ ಮದುವೆ ನಿಲ್ಲುವುದಿಲ್ಲವಷ್ಟೆ.

ನಾಗಾವಿಯು ಹೈದರಾಬಾದಿನ ಕನ್ನಡಿಗರಿಗೆ ಇನ್ನೂ ಸಮೀಪದ್ದು. ಇಲ್ಲಿಂದ ವಾಡಿಗೆ ಹೋಗುವ ರೈಲುಮಾರ್ಗದಲ್ಲಿ ತಾಂಡೂರು, ಸೇಡಂ ದಾಟಿದರೆ ಚಿತ್ತಾಪುರ. ಅದರ ಬಳಿಯದೇ ಆ ಹಳ್ಳಿ. ಅದರ ಶಾಸನಗಳನ್ನು ಅಚ್ಚಿಗೆ ತಂದುದೂ ನಿಜಾಮ ಸಂಸ್ಥಾನದ ಪುರಾತತ್ತ್ವ ಇಲಾಖೆಯೇ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1058ರಲ್ಲಿ, ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಶಾಲೆಯನ್ನು ನೆಲೆಗೊಳಿಸಿದನು. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರಾದರೆ, ಭಾಟ್ಟದರ್ಶನ, ಪ್ರಾಭಾಕರ, ನ್ಯಾಸ ಎಂಬ ಮೂರು ಶಾಸ್ತ್ರಗಳಿಗೆ ಒಬ್ಬೊಬ್ಬರಂತೆ ಮತ್ತೆ ಮೂವರು. ಇವರಲ್ಲದೆ ಆರು ಮಂದಿ ಸರಸ್ವತೀಭಂಡಾರಿಗರು, ಎಂದರೆ ಗ್ರಂಥಪಾಲಕರು. ವೇದಪಾಠಿಗಳ ಸಂಖ್ಯೆಯ ಕಾಲುಭಾಗ ಮಾತ್ರವಾದ ಶಾಸ್ತ್ರವಿದ್ಯಾರ್ಥಿಗಳಿಗೆ ಅಷ್ಟೇ ಅಧ್ಯಾಪಕರನ್ನು ಒದಗಿಸಿದುದು ಉನ್ನತ ವ್ಯಾಸಂಗದ ಸ್ವರೂಪವನ್ನು ಅರಿತವನ ಕೆಲಸ. ಪರಸ್ಪರ ವಿರುದ್ಧವಾದ ಎರಡು ಮೀಮಾಂಸಾ ಪ್ರಸ್ಥಾನಗಳಿಗೂ ಒಂದೇ ಸೂರಿನಡಿ ಪೀಠ ಕೊಟ್ಟಿರುವುದು ಪ್ರಶಂಸನೀಯ.

ಹಾಗೆಂದು ಈ ದಾನಗಳನ್ನು ಹಾಡಿ ಹೊಗಳಿ ಸುಮ್ಮನಾಗಲಾಗದು. ಇವು ಬಹುಮಟ್ಟಿಗೆ ಬ್ರಾಹ್ಮಣ ಬಾಲಕರಿಗಾಗಿ ಏರ್ಪಟ್ಟ ವಿದ್ಯೆಗಳು. ಆ ನಿವರ್ತನಗಳನ್ನು ಉತ್ತು ಬಿತ್ತಿದವರ ಮಕ್ಕಳಿಗೆ ಅವುಗಳ ಬಾಗಿಲು ತೆರೆದಿರಲಿಲ್ಲ. ಯಾರ ದುಡಿಮೆಯಿಂದ ಬಂದ ಧನ, ಯಾರಿಗೆ ಸಂದ ಫಲ ಎಂಬ ಈ ಲೆಕ್ಕಾಚಾರವನ್ನು ಮಾಡದ ದಾನಶಾಸ್ತ್ರವು ಹೇಮಾದ್ರಿಯಿಂದ ಒಂದು ಹೆಜ್ಜೆಯೂ ಮುಂದೆ ಬಂದಂತಾಗಲಿಲ್ಲ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಟಾಟಾ ಮನೆತನದವರು. ಜಮ್‌ಷೇಟ್‌ಜಿ ಟಾಟಾ ಅವರು ಮೂವತ್ತು ಲಕ್ಷ ರೂಪಾಯಿಗಳ ಆಸ್ತಿಯನ್ನು ಉನ್ನತ ವಿಜ್ಞಾನ ವ್ಯಾಸಂಗಕ್ಕೆಂದು ಮುಂದೆ ಮಾಡಿದುದು, ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ನೆಲವಿತ್ತುದು, 1909ರಲ್ಲಿ ಭಾರತೀಯ ವಿಜ್ಞಾನ ಮಂದಿರ ಸ್ಥಾಪಿತವಾದುದು ವಾಚಕರಿಗೆ ವಿದಿತವೇ. ಅಷ್ಟಾಗಿ ವಿದಿತವಲ್ಲದ ಸಂಗತಿಯೊಂದುಂಟು. ಅವರ ಕಿರಿಯ ಮಗ ಸರ್ ರತನ್ ಟಾಟಾ ಅವರು ಬಡತನದ ಕಾರಣಗಳನ್ನು ಶೋಧಿಸಲೆಂದು ಲಂಡನ್ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 1,400 ಪೌಂಡುಗಳನ್ನು ಒದಗಿಸಿದರು. ಅಲ್ಲಿ ಏರ್ಪಟ್ಟ ಪ್ರತಿಷ್ಠಾನಕ್ಕೆ 1913ರಲ್ಲಿ ನಿರ್ದೇಶಕರಾದವರು ಆರ್. ಎಚ್. ಟಾನಿ. ಭಾರತೀಯನೊಬ್ಬನ ದಾನದಿಂದ ಇಂಗ್ಲೆಂಡಿನ ದಾರಿದ್ರ್ಯದ ಅಧ್ಯಯನ! ಮುಂದೆ 1936ರಲ್ಲಿ ಸರ್ ದೊರಾಬ್ಜಿ ಟಾಟಾ ನ್ಯಾಸದ ನೆರವಿನಿಂದ ಮುಂಬಯಿಯಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ತೆರೆಯಿತು. ಇಂದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾಗಿ ಹೈದರಾಬಾದಿನಲ್ಲಿಯೂ ಆವರಣವುಳ್ಳ ಸಂಸ್ಥೆ ಅದೇ.

ಇದೇ ಸಂಸ್ಥೆಯಲ್ಲಿ 2024ರ ಜೂನ್ ತಿಂಗಳ ಕೊನೆಯಲ್ಲಿ, ಟಾಟಾ ಶಿಕ್ಷಣ ನ್ಯಾಸದಿಂದ ಬರಬೇಕಾದ ಅನುದಾನ ಬಾರದ ಕಾರಣ, ಹೈದರಾಬಾದೂ ಸೇರಿದಂತೆ ವಿವಿಧ ಆವರಣಗಳ ನೂರಕ್ಕೂ ಮಿಕ್ಕ ಗುತ್ತಿಗೆ ಅಧ್ಯಾಪಕರಿಗೂ ಸಿಬ್ಬಂದಿಗೂ ಸೇವೆ ಮುಗಿಯಿತೆಂಬ ಸೂಚನೆ ಹೋಯಿತು. ನ್ಯಾಸವು ಹಣ ಒದಗಿಸುವುದಾಗಿ ತಿಳಿಸಿದ ಮೇಲೆ ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂದೆಗೆದುಕೊಳ್ಳಲಾಯಿತು. ಯಾರದು ತಪ್ಪೆಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ನಿಯತ ಅವಧಿಗೆ ಮಂಜೂರಾಗುವ ಅನುದಾನಕ್ಕೂ ಶಾಲೆಗೇ ಬಿಟ್ಟುಕೊಟ್ಟ ಭೂಮಿಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಅನುದಾನದಲ್ಲಿ ದಾತೃವಿಗೆ ವರ್ಷವರ್ಷವೂ ಪರಿಶೀಲಿಸುವ ಅಧಿಕಾರವುಂಟು. ಭೂದಾನದಲ್ಲಿ ಉಪಾಧ್ಯಾಯನಿಗೆ ನಿಶ್ಚಿಂತೆಯುಂಟು. ನನ್ನ ಮಟ್ಟಿಗೆ, ಪಾಠ ಹೇಳುವವನ ಜೀವನವನ್ನು ಎರಡನೆಯ ಬಗೆಯ ದಾನದ ಮೇಲೆಯೇ ನಿಲ್ಲಿಸಬೇಕು. ಹೊಸ ಪ್ರಯೋಗಗಳಿಗೆ ಮೊದಲನೆಯದು ಸಾಕು.

ಈ ವಿಚಾರಕ್ಕೆ ನಮ್ಮ ದಿಲ್‌ಸುಖ್‌ನಗರದಷ್ಟು ತಕ್ಕ ನೆಲೆ ಬೇರೊಂದಿಲ್ಲ. ಪರೀಕ್ಷಾ ತರಬೇತಿಯ ಕೇಂದ್ರಗಳೂ ಬಾಡಿಗೆಯ ಹಾಸ್ಟೆಲುಗಳೂ ಇಲ್ಲಿ ಬೀದಿಬೀದಿಯಲ್ಲಿವೆ. ಕಲಬುರಗಿಯಲ್ಲಿ 1980ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೆಯೂ ಅತ್ತ ಕಡೆಯ ಹುಡುಗರು ಈ ನಗರಕ್ಕೆ ಬರುವುದು ನಿಂತಿಲ್ಲ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳೆಂಬ ಶಾಸನದ ಮಾತು ಇವರಿಗೂ ಒಪ್ಪುತ್ತದೆ. ಇಪ್ಪತ್ತೇಳು ಮನೆಗಳು ಮಾತ್ರ ಇವರಿಗಿಲ್ಲ, ತಿಂಗಳ ಬಾಡಿಗೆಯಿದೆ. ನಮ್ಮ ಮನೆಗಳಲ್ಲಿ ಮದುವೆ ಉಪನಯನಗಳು ಅಂದಿಗಿಂತ ಅದ್ದೂರಿಯಾಗಿಯೇ ನಡೆಯುತ್ತಿವೆ. ಸಾಲೊಟಗಿಯ ಐದು, ಎರಡೂವರೆ, ಒಂದೂಕಾಲು ಎಂಬ ದರವನ್ನು ಇಂದಿನ ನಾಣ್ಯಕ್ಕೆ ಹೊಂದಿಸಿ, ಹುಡುಗ ಹುಡುಗಿಯರೆನ್ನದೆ, ಜಾತಿ ಕೇಳದೆ, ಒಂದೇ ಒಂದು ಮನೆಯಿಂದ ಆರಂಭಿಸುವುದಾದರೆ ಎಷ್ಟು ಮೂಲಧನ ಬೇಕೆಂಬುದನ್ನು ಸಂಘದ ಲೆಕ್ಕ ಬಲ್ಲ ಸದಸ್ಯರು ಗುಣಿಸಿ ತೋರಿಸಿದರೆ, ಅದೇ ಈ ಪತ್ರಿಕೆಯಲ್ಲಿ ಪ್ರಕಟಿಸತಕ್ಕ ಮುಂದಿನ ಲೇಖನ.