ಕೊಲ್ಲಿ ನಾಡುಗಳ ಸಾಲವೂ ನೌಕರಿಯ ಬದಲಾವಣೆಯೂ

ಪರಸ್ಥಳಕ್ಕೆ ಹೋಗಿ ದುಡಿಯುವುದು ನಮ್ಮ ಗಡಿನಾಡಿನವರಿಗೆ ಹೊಸತಲ್ಲ. ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲು, ಅಂಗಡಿಗಳಲ್ಲಿ ದುಡಿದವರದು ಒಂದು ತಲೆಮಾರು. 1973ರ ಎಣ್ಣೆಯ ಬೆಲೆಯೇರಿಕೆಯ ತರುವಾಯ ಕಡಲನ್ನೇ ದಾಟಿ ದುಬಾಯಿ, ಕುವೈತ್, ಕತಾರ್, ಸೌದಿ ಅರೇಬಿಯಗಳನ್ನು ಸೇರಿದವರದು ಮತ್ತೊಂದು ತಲೆಮಾರು. ಇಂದು ನಮ್ಮ ಶಾಲೆಗಳಲ್ಲಿ ತಂದೆಯೋ ಅಣ್ಣನೋ ಕೊಲ್ಲಿ ನಾಡಿನಲ್ಲಿರುವ ಮಕ್ಕಳು ಅನೇಕರಿದ್ದಾರೆ. ಅಲ್ಲಿಂದ ಬರುವ ಹಣದ ಲೆಕ್ಕ ಮನೆಯವರಿಗೆಲ್ಲ ಗೊತ್ತಿರುತ್ತದೆ. ಅಲ್ಲಿ ಮಾಡಿದ ಸಾಲದ ಲೆಕ್ಕ ಮಾತ್ರ ಬಹುಮಟ್ಟಿಗೆ ಯಾರಿಗೂ ಗೊತ್ತಿರುವುದಿಲ್ಲ. ಒಂದು ರಾಷ್ಟ್ರದ ನೌಕರಿಯನ್ನು ಬಿಟ್ಟು ನೆರೆಯ ರಾಷ್ಟ್ರದ ನೌಕರಿಗೆ ಹೋಗುವ ಸಂದರ್ಭ ಬಂದಾಗಲೇ ಆ ಸಾಲವು ತನ್ನ ನಿಜರೂಪವನ್ನು ತೋರುವುದು. ಈ ಪ್ರಶ್ನೆಯು ಬ್ಯಾಂಕುಗಳೊಡನೆ ಹುಟ್ಟಿದುದಲ್ಲ, ಅದಕ್ಕೊಂದು ಇತಿಹಾಸವಿದೆ ಎಂಬುದನ್ನು ತಿಳಿಸುವುದೂ, ಆ ಇತಿಹಾಸದಿಂದ ನಮಗೆ ದೊರೆಯುವ ಪಾಠವನ್ನು ಹೇಳುವುದೂ ಈ ಲೇಖನದ ಉದ್ದೇಶವಾಗಿದೆ.

ಎಣ್ಣೆಯು ದೊರೆಯುವುದಕ್ಕೆ ಮುನ್ನ ಕೊಲ್ಲಿ ನಾಡುಗಳ ಸಂಪತ್ತೆಂದರೆ ಮುತ್ತು. ಬಹರೈನ್, ಕುವೈತ್, ಕತಾರ್, ದುಬಾಯಿಗಳ ಹಾಯಿಹಡಗುಗಳು ಬೇಸಗೆಯ ನಾಲ್ಕಾರು ತಿಂಗಳು ಕಡಲಿನಲ್ಲಿಯೇ ಇದ್ದು, ಮುಳುಗುಗಾರರಿಂದ ಚಿಪ್ಪುಗಳನ್ನು ತೆಗೆಸುತ್ತಿದ್ದವು. ಆ ಮುತ್ತುಗಳಿಗೆ ದೊಡ್ಡ ಪೇಟೆ ನಮ್ಮ ಮುಂಬಯಿ. ಆ ಉದ್ಯಮಕ್ಕೆ ಬಂಡವಾಳವನ್ನು ಒದಗಿಸುತ್ತಿದ್ದವರಲ್ಲಿ ಭಾರತೀಯ ವರ್ತಕರೂ ಇದ್ದರು. ಹಡಗಿನ ಯಜಮಾನನಿಗೆ ನಖೂದನೆಂದು ಹೆಸರು. ಮುಳುಗುಗಾರನಿಗೆ ನಿಶ್ಚಿತವಾದ ಸಂಬಳವಿರಲಿಲ್ಲ. ಋತುವಿನ ಕೊನೆಯಲ್ಲಿ ಆದಾಯದ ಒಂದು ಪಾಲು ಮಾತ್ರ. ಅದು ಕೈಗೆ ಬರುವ ತನಕ ಹೆಂಡತಿ ಮಕ್ಕಳ ಹೊಟ್ಟೆಪಾಡಿಗಾಗಿ ಅವನು ನಖೂದನಿಂದ ಸಲಫ್ ಎಂಬ ಮುಂಗಡವನ್ನು ಪಡೆಯುತ್ತಿದ್ದನು. ಮುತ್ತಿನ ಫಸಲು ಕೆಟ್ಟ ವರ್ಷ ಮುಂಗಡ ತೀರದು. ತೀರದ ಬಾಕಿಯು ಮುಂದಿನ ವರ್ಷದ ಮುಂಗಡದೊಡನೆ ಕೂಡಿಕೊಳ್ಳುವುದು. ಹೀಗೆ ಒಮ್ಮೆ ಹಡಗನ್ನೇರಿದವನು ಜೀವಮಾನವಿಡೀ ಅದರಿಂದ ಇಳಿಯಲಾರದವನಾಗುತ್ತಿದ್ದನು. ಅವನು ಸತ್ತರೆ ಸಾಲವು ಮಗನ ಹೆಗಲಿಗೇರುವ ವಾಡಿಕೆಯೂ ಇದ್ದಿತು.

ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದ ಪದ್ಧತಿಯೊಂದು ಅಲ್ಲಿದ್ದಿತು. ಮುಳುಗುಗಾರನು ಒಬ್ಬ ನಖೂದನನ್ನು ಬಿಟ್ಟು ಮತ್ತೊಬ್ಬನಲ್ಲಿ ಸೇರಬೇಕೆಂದಿದ್ದರೆ, ಹಳೆಯ ನಖೂದನಿಂದ ಬರ್ವಾ ಎಂಬ ಚೀಟಿಯನ್ನು ಪಡೆಯಬೇಕಾಗಿದ್ದಿತು. ಅವನ ಬಾಕಿ ಎಷ್ಟು ಎಂಬುದು ಅದರಲ್ಲಿ ಬರೆದಿರುತ್ತಿತ್ತು. ಹೊಸ ನಖೂದನು ಆ ಬಾಕಿಯನ್ನು ಹೊತ್ತುಕೊಂಡರೆ ಮಾತ್ರ ಅವನನ್ನು ಹಡಗಿಗೆ ಸೇರಿಸಿಕೊಳ್ಳಬಹುದು. ಯಜಮಾನ ಬದಲಾಗಬಹುದು, ಸಾಲ ಬದಲಾಗದು ಎಂಬುದೇ ಬರ್ವಾದ ತಾತ್ಪರ್ಯ. ಆ ಚೀಟಿಯು ಒಂದು ರೀತಿಯಲ್ಲಿ ಸಂಕೋಲೆ. ಇನ್ನೊಂದು ರೀತಿಯಲ್ಲಿ, ಇಷ್ಟೇ ಬಾಕಿ, ಇದಕ್ಕಿಂತ ಹೆಚ್ಚಿಲ್ಲ ಎಂಬುದಕ್ಕೆ ಅವನಲ್ಲಿದ್ದ ಏಕೈಕ ಸಾಕ್ಷಿ. ಆದರೆ ಲೆಕ್ಕವೆಲ್ಲವೂ ನಖೂದನ ಪುಸ್ತಕದಲ್ಲಿ. ಓದು ಬರಹವರಿಯದ ಮುಳುಗುಗಾರನಿಗೆ ಅದರಲ್ಲಿ ಏನಿದೆಯೆಂದು ತಿಳಿಯುವ ಬಗೆಯೇ ಇರಲಿಲ್ಲ. ಈ ಅನ್ಯಾಯವನ್ನು ಕಂಡುಕೊಂಡೇ ಬಹರೈನಿನಲ್ಲಿ 1923ರಿಂದೀಚೆಗೆ ನಡೆದ ಸುಧಾರಣೆಗಳಲ್ಲಿ, ಪ್ರತಿಯೊಬ್ಬ ಮುಳುಗುಗಾರನ ಕೈಯಲ್ಲಿಯೂ ಅವನದೇ ಆದ ಲೆಕ್ಕದ ಪುಸ್ತಕವೊಂದು ಇರತಕ್ಕದ್ದೆಂಬ ನಿಯಮವನ್ನು ಮಾಡಲಾಯಿತು. ಇದನ್ನು ವಿರೋಧಿಸಿದವರು ಕಡಮೆಯಿರಲಿಲ್ಲ. ಸಾಲಗಾರನು ತನ್ನ ಲೆಕ್ಕವನ್ನು ತಾನೇ ನೋಡುವಂತಾದುದು ಆ ನಾಡಿನ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲವೆಂದು ನಾವು ಎಣಿಸುತ್ತೇವೆ.

ಜಪಾನಿನ ಕೃಷಿಮುತ್ತುಗಳೂ, 1929ರಲ್ಲಿ ಮೊದಲಾದ ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಈ ಉದ್ಯಮವನ್ನು ಮುಳುಗಿಸಿದುವು. 1932ರಲ್ಲಿ ಬಹರೈನಿನ ಮುಳುಗುಗಾರರು ಮುಂಗಡದ ವಿಚಾರವಾಗಿ ದಂಗೆಯೆದ್ದರು. ಅದೇ ವರ್ಷ ಅಲ್ಲಿ ಎಣ್ಣೆಯು ದೊರೆಯಿತು. 1938ರಲ್ಲಿ ಕುವೈತಿನಲ್ಲಿಯೂ ಸೌದಿ ಅರೇಬಿಯದಲ್ಲಿಯೂ ಎಣ್ಣೆಯ ಬಾವಿಗಳು ಫಲಿಸಿದುವು. ನಖೂದನ ಪುಸ್ತಕದ ಸ್ಥಾನಕ್ಕೆ ಮೆಲ್ಲಮೆಲ್ಲನೆ ಬ್ಯಾಂಕಿನ ಖಾತೆ ಬಂದಿತು. 1920ರಲ್ಲಿಯೇ ಬಹರೈನಿನಲ್ಲಿ ಈಸ್ಟರ್ನ್ ಬ್ಯಾಂಕು ತೆರೆದಿದ್ದಿತು. ಇಂಪೀರಿಯಲ್ ಬ್ಯಾಂಕ್ ಆಫ್ ಇರಾನ್ 1942ರಲ್ಲಿ ಕುವೈತಿಗೂ 1946ರಲ್ಲಿ ದುಬಾಯಿಗೂ ಬಂದಿತು.

ಅಂದಿನ ದಿನಗಳಲ್ಲಿ ಆ ನಾಡುಗಳಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ ಎಂಬುದನ್ನು ಇಂದಿನ ಮಕ್ಕಳು ನಂಬಲಾರರು. ಚಿನ್ನದ ಕಳ್ಳಸಾಗಣೆಯನ್ನು ತಡೆಯುವುದಕ್ಕಾಗಿ ಭಾರತೀಯ ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಅಚ್ಚುಮಾಡಿಸಿತು. ಕುವೈತ್ 1961ರಲ್ಲಿಯೂ, ಬಹರೈನ್ 1965ರಲ್ಲಿಯೂ ಸ್ವಂತ ದಿನಾರನ್ನು ತಂದುವು. 1966ರ ಜೂನ್ 6ರಂದು ನಮ್ಮ ರೂಪಾಯಿಯ ಮೌಲ್ಯವನ್ನು ಇಳಿಸಿ, ಡಾಲರೊಂದಕ್ಕೆ 4.76 ರೂಪಾಯಿ ಇದ್ದುದು 7.50 ಆದಾಗ ಕತಾರ್, ದುಬಾಯಿಗಳೂ ರೂಪಾಯಿಯನ್ನು ಬಿಟ್ಟುವು. ಅಂದಿನಿಂದ ಅಲ್ಲಿ ದುಡಿದು ಇಲ್ಲಿ ಬಾಳುವವನಿಗೆ ಎರಡು ನಾಣ್ಯಗಳ ಲೆಕ್ಕ ತಪ್ಪದಾಯಿತು. ಇಂದು ದಿರ್ಹಮ್, ಸೌದಿ ರಿಯಾಲ್, ಕತಾರ್ ರಿಯಾಲ್‌ಗಳು ಡಾಲರಿಗೆ ಕಟ್ಟಲ್ಪಟ್ಟಿವೆ; ಆದಕಾರಣ ದುಬಾಯಿಯ ಸಾಲವನ್ನು ರಿಯಾದಿನ ಸಂಬಳದಿಂದ ತೀರಿಸುವವನಿಗೆ ನಾಣ್ಯದ ಏರಿಳಿತದ ಭಯ ಹೆಚ್ಚಿಲ್ಲ. ಊರಿಗೆ ಹಿಂದಿರುಗಿ ರೂಪಾಯಿಯಲ್ಲಿ ದುಡಿದು ದಿರ್ಹಮಿನ ಸಾಲವನ್ನು ತೀರಿಸಹೊರಟವನಿಗಾದರೋ ರೂಪಾಯಿ ಇಳಿದಂತೆಲ್ಲ ಸಾಲ ಬೆಳೆಯುತ್ತದೆ.

ಇನ್ನು ಬ್ಯಾಂಕಿನ ಸಾಲದ ಸ್ವರೂಪವನ್ನು ನೋಡೋಣ. ಪರದೇಶದ ನೌಕರನಿಗೆ ಅಲ್ಲಿ ಅಡವಿಡಲು ಭೂಮಿಯಿಲ್ಲ, ಮನೆಯಿಲ್ಲ. ಅವನ ಸಂಬಳವೇ ಬ್ಯಾಂಕಿಗೆ ಆಧಾರ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಕೇಂದ್ರ ಬ್ಯಾಂಕು 2011ರಲ್ಲಿ ಮಾಡಿದ ನಿಯಮದಂತೆ, ವೈಯಕ್ತಿಕ ಸಾಲವು ತಿಂಗಳ ಸಂಬಳದ 20 ಪಟ್ಟನ್ನು ಮೀರಕೂಡದು. ಅವಧಿ 48 ತಿಂಗಳನ್ನು ಮೀರಕೂಡದು. ಕಂತುಗಳೆಲ್ಲ ಕೂಡಿ ಆದಾಯದ ಅರ್ಧವನ್ನು ಮೀರಕೂಡದು. ಸೌದಿ ಅರೇಬಿಯದಲ್ಲಿ ಕಂತಿನ ಕಡಿತಕ್ಕೆ ಸಂಬಳದ ಮೂರನೆಯ ಒಂದು ಪಾಲೇ ಮಿತಿ. ಕುವೈತಿನಲ್ಲಿ ಶೇಕಡ 40. ಒಂದು ನಾಡಿನಲ್ಲಿ ಅರ್ಧ ಸಂಬಳದ ಕಂತನ್ನು ಹೊತ್ತವನು ಇನ್ನೊಂದು ನಾಡಿಗೆ ಹೋಗಿ, ಅಲ್ಲಿಯೂ ಹೊಸ ಸಾಲವನ್ನು ಮಾಡಿದರೆ ಅವನ ಊಟಕ್ಕೂ ಮನೆಗೂ ಏನು ಉಳಿದೀತು?

ನೌಕರಿಯನ್ನು ಬಿಡುವಾಗ ಕೊನೆಯ ಸಂಬಳವೂ ಸೇವಾಂತ್ಯದ ಉಪದಾನವೂ ಅದೇ ಬ್ಯಾಂಕಿನ ಖಾತೆಗೆ ಬರುತ್ತವೆ. ನೌಕರಿ ಮುಗಿಯಿತೆಂದು ತಿಳಿದೊಡನೆ ಬ್ಯಾಂಕು ಆ ಹಣವನ್ನು ತಡೆಹಿಡಿದು ಸಾಲಕ್ಕೆ ಜಮೆ ಮಾಡಿಕೊಳ್ಳುವುದುಂಟು. ಒಂದು ಲೆಕ್ಕವನ್ನು ಮಾಡಿ ನೋಡೋಣ. ಎಮಿರೇಟ್ಸ್‌ನ ಕಾನೂನಿನಂತೆ ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ ಮೂಲ ಸಂಬಳ ಉಪದಾನ. ಮೂಲ ಸಂಬಳ 3,000 ದಿರ್ಹಮ್ ಇದ್ದವನಿಗೆ ಐದು ವರ್ಷಕ್ಕೆ 10,500 ದಿರ್ಹಮ್ ದೊರೆಯುವುದು. ಸಾಲದ ಬಾಕಿ 40,000 ಇದ್ದರೆ, ಉಪದಾನವೆಲ್ಲ ಹೋದ ಮೇಲೆಯೂ 29,500 ಉಳಿಯಿತು. ಉಪದಾನದಿಂದ ಮನೆಯ ಮಾಡು ಹೊದೆಸುವೆವು, ಮಗಳ ಮದುವೆ ಮಾಡುವೆವು ಎಂದು ಊರಿನಲ್ಲಿ ಎಣಿಸಿಕೊಂಡಿರುವವರಿಗೆ ಈ ಲೆಕ್ಕವು ಮೊದಲೇ ತಿಳಿದಿರಬೇಡವೇ?

ಹೀಗಿರಲು, ಕೆಲವರು ಸಾಲವನ್ನು ಹಾಗೆಯೇ ಬಿಟ್ಟು ಗಡಿ ದಾಟುವ ದಾರಿಯನ್ನು ಹಿಡಿದರು. 2008ರ ಜಾಗತಿಕ ಮುಗ್ಗಟ್ಟಿನಲ್ಲಿ ದುಬಾಯಿಯ ನೌಕರಿಗಳು ಹೋದಾಗ ಹಾಗೆ ಮಾಡಿದವರಿದ್ದರು. ಆ ಕಾಲದಲ್ಲಿ ಸಾಲಕ್ಕೆ ಆಧಾರವಾಗಿ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಅಲ್ಲಿ ಸೆರೆಮನೆಯ ಶಿಕ್ಷೆಯಿದ್ದಿತು. ಆ ಹೆದರಿಕೆಯೇ ಓಡುವುದಕ್ಕೆ ಕಾರಣವಾಯಿತೆಂದರೂ ತಪ್ಪಲ್ಲ. 2022ರ ಜನವರಿ 2ರಿಂದ, ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಹಿಂದಿರುಗುವುದು ಎಮಿರೇಟ್ಸ್‌ನಲ್ಲಿ ಸಾಮಾನ್ಯವಾಗಿ ಅಪರಾಧವಲ್ಲ. ಮೋಸದ ಉದ್ದೇಶವಿದ್ದರೆ ಮಾತ್ರ ಶಿಕ್ಷೆ. ಆದರೆ ಚೆಕ್ಕನ್ನು ಹಿಡಿದು ನೇರವಾಗಿ ವಸೂಲಿಗೆ ನ್ಯಾಯಾಲಯಕ್ಕೆ ಹೋಗುವ ಅಧಿಕಾರವು ಸಾಲ ಕೊಟ್ಟವನಿಗಿದೆ. ದೇಶವನ್ನು ಬಿಡದಂತೆ ತಡೆಯಾಜ್ಞೆಯನ್ನು ಪಡೆಯುವ ದಾರಿಯೂ ಇದೆ. 2020ರಲ್ಲಿ ಜಾರಿಗೆ ಬಂದ ಅಲ್ಲಿನ ಋಣಪರಿಹಾರ ಕಾನೂನಿನಂತೆ, ತೀರಿಸಲಾರದ ಪ್ರಾಮಾಣಿಕ ಸಾಲಗಾರನು ನ್ಯಾಯಾಲಯದ ಮೂಲಕ ಕಂತುಗಳ ಏರ್ಪಾಡನ್ನು ಬೇಡಿಕೊಳ್ಳಲೂಬಹುದು.

ಗಡಿ ದಾಟಿದರೆ ಸಾಲವು ಹಿಂದೆಯೇ ಉಳಿಯುವುದೆಂಬುದು ಭ್ರಮೆ. ಕೊಲ್ಲಿ ಸಹಕಾರ ಮಂಡಲಿಯ ರಾಷ್ಟ್ರಗಳು 1996ರ ಒಪ್ಪಂದದಿಂದ ಒಬ್ಬರ ನ್ಯಾಯಾಲಯದ ತೀರ್ಪನ್ನು ಇನ್ನೊಬ್ಬರು ನಡೆಯಿಸಿಕೊಡಲು ಸಮ್ಮತಿಸಿವೆ. ಸಾಲಗಾರರ ನಡತೆಯನ್ನು ದಾಖಲಿಸುವ ಕಚೇರಿಗಳೂ ಹುಟ್ಟಿಕೊಂಡಿವೆ; ಎಮಿರೇಟ್ಸ್‌ನ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋ 2014ರಿಂದ ಕೆಲಸ ಮಾಡುತ್ತಿದೆ. ಎರಡು ವರ್ಷ ಬೇರೆ ನಾಡಿನಲ್ಲಿದ್ದು ಮತ್ತೆ ದುಬಾಯಿಗೆ ಹೋದವನ ಹೆಸರಿನೆದುರು ಹಳೆಯ ಬಾಕಿಯು ಕಾದು ಕುಳಿತಿರುತ್ತದೆ. ನಖೂದನ ಬರ್ವಾ ಮರೆಯಾಯಿತೆಂದವರು ಯಾರು?

ನಮ್ಮ ಊರಿಗೂ ಅದು ಬರಬಲ್ಲದು. 2020ರ ಜನವರಿ 17ರ ಪ್ರಕಟಣೆಯಿಂದ ಭಾರತ ಸರಕಾರವು ಎಮಿರೇಟ್ಸನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಂತೆ ಪರಸ್ಪರ ಮಾನ್ಯತೆಯ ಪ್ರದೇಶವೆಂದು ಸಾರಿದೆ. ಇದರ ಅರ್ಥವಿಷ್ಟು: ಅಲ್ಲಿನ ಮಾನ್ಯ ನ್ಯಾಯಾಲಯವೊಂದು ಕೊಟ್ಟ ಹಣದ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ, ಅದು ಇಲ್ಲಿಯದೇ ಡಿಕ್ರಿಯೋ ಎಂಬಂತೆ, ಅಮಲಿಗೆ ತರಬಹುದು. ಅದಕ್ಕೆ ಸಾಲಗಾರನ ಇಲ್ಲಿನ ಆಸ್ತಿಯು ಈಡಾಗಬಹುದು. ತನ್ನ ವಾದವನ್ನು ಹೇಳಲು ಅವಕಾಶವಿಲ್ಲದೆ, ನ್ಯಾಯಧರ್ಮಕ್ಕೆ ವಿರುದ್ಧವಾಗಿ, ಅಥವಾ ಮೋಸದಿಂದ ಪಡೆದ ತೀರ್ಪಾದರೆ ಆಕ್ಷೇಪಿಸುವ ಹಕ್ಕು ಉಂಟು. ಮುತ್ತಿನ ಕಾಲದಂತೆ ತಂದೆಯ ಸಾಲ ಮಗನ ಹೆಗಲಿಗೇರುವ ಅನ್ಯಾಯವೂ ನಮ್ಮ ಕಾನೂನಿನಲ್ಲಿಲ್ಲ; ಮೃತನಿಂದ ವಾರಸುದಾರನ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅವನು ಹೊಣೆ. ಹೆದರಿಸಿ ವಸೂಲಿ ಮಾಡಲು ಮನೆಗೆ ಬರುವವರೆದುರು ಹೆಂಗಸರು, ಮುದುಕರು ಈ ಮಾತನ್ನು ನೆನಪಿನಲ್ಲಿಡಬೇಕು. ಬಂದವರು ಕೊಟ್ಟ ಕಾಗದಕ್ಕೆ ತಿಳಿಯದೆ ರುಜು ಹಾಕಬಾರದು.

ಹಾಗಾದರೆ ನೌಕರಿ ಬದಲಾಯಿಸುವವನು ಮಾಡತಕ್ಕದ್ದೇನು? ರಾಜೀನಾಮೆಯನ್ನು ಕೊಡುವುದಕ್ಕೆ ಮುಂಚೆಯೇ ಬ್ಯಾಂಕಿನಿಂದ ಬಾಕಿಯ ಲೆಕ್ಕವನ್ನು ಲಿಖಿತವಾಗಿ ಪಡೆಯಬೇಕು. ಕೂಡಿದರೆ ಒಮ್ಮೆಲೇ ತೀರಿಸಬೇಕು. ಅವಧಿಗೆ ಮೊದಲು ತೀರಿಸಿದರೆ ಎಮಿರೇಟ್ಸ್‌ನಲ್ಲಿ ಶುಲ್ಕವು ಬಾಕಿಯ ಶೇಕಡ 1ನ್ನು ಮೀರಕೂಡದು. ಕೂಡದಿದ್ದರೆ, ಹಳೆಯ ನೌಕರಿಯಲ್ಲಿ ಇರುವಾಗಲೇ, ಹೊಸ ನೌಕರಿಯ ಆಜ್ಞಾಪತ್ರವನ್ನು ತೋರಿಸಿ, ಹೊಸ ನಾಡಿನಿಂದ ಕಂತು ಕಳುಹಿಸುವ ಏರ್ಪಾಡನ್ನು ಬರಹದಲ್ಲಿ ಮಾಡಿಕೊಳ್ಳಬೇಕು, ಬಾಯಿಮಾತು ಸಲ್ಲದು. ಕ್ರೆಡಿಟ್ ಕಾರ್ಡನ್ನು ಕತ್ತರಿಸಿ ಎಸೆದರೆ ಸಾಲ ತೀರುವುದಿಲ್ಲ. ಅದರ ಬಡ್ಡಿಯು ತಿಂಗಳಿಗೆ ಶೇಕಡ 3ನ್ನು ಮೀರುವುದೂ ಉಂಟಾದುದರಿಂದ, ಮೊದಲು ತೀರಿಸಬೇಕಾದ ಸಾಲವೇ ಅದು. ಎಲ್ಲ ತೀರಿದ ಮೇಲೆ ಬೇಬಾಕಿ ಪತ್ರವನ್ನೂ, ಆಧಾರವಾಗಿ ಕೊಟ್ಟ ಚೆಕ್ಕನ್ನೂ ಹಿಂದಕ್ಕೆ ಪಡೆದು, ಅವುಗಳ ಪ್ರತಿಯನ್ನು ಮನೆಗೆ ಕಳುಹಿಸಬೇಕು. ಬೇಬಾಕಿ ಪತ್ರವಿಲ್ಲದ ಋಣಮುಕ್ತಿಯು ಅರ್ಧ ಋಣಮುಕ್ತಿಯೇ ಸರಿ.

ಕೊನೆಗೊಂದು ಮಾತು. ಆ ಸಾಲಪತ್ರಗಳು ಅರಬ್ಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತವೆ. ದುಬಾಯಿಯ ನ್ಯಾಯಾಲಯಗಳಲ್ಲಿ ಅರಬ್ಬಿಯ ಪಾಠಕ್ಕೇ ಮಾನ್ಯತೆ. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆದಾಗ ಜನರು ಪಡುವ ಪಾಡೇನೆಂಬುದನ್ನು 1956ರಿಂದ ಅನುಭವಿಸಿದ ಗಡಿನಾಡಿನ ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ತನ್ನ ಲೆಕ್ಕವನ್ನು ತಾನು ಓದಲಾರದವನು ಎರಡು ಸಲ ತೆರುತ್ತಾನೆ. ಬಹರೈನಿನ ಮುಳುಗುಗಾರನ ಚರಿತ್ರೆ ಸಾರುವುದೂ ಅದನ್ನೇ. ಆದುದರಿಂದ ನಮ್ಮ ಸಂಘವು ಕನ್ನಡ ಬಲ್ಲ ವಕೀಲರ, ಬ್ಯಾಂಕಿನ ಅನುಭವಸ್ಥರ ನೆರವಿನಿಂದ ತಿಂಗಳಿಗೊಂದು ದಿನ ಇಂತಹ ಪತ್ರಗಳನ್ನು ಓದಿ ಅರ್ಥ ಹೇಳುವ ಏರ್ಪಾಡನ್ನು ಮಾಡಿದರೆ, ಅದು ಉತ್ಸವ ಸಭೆಗಳಿಗೆ ಕಡಮೆಯಾದ ಕನ್ನಡ ಸೇವೆಯಾಗದು. ಮನೆಯವರೂ ದೂರದಲ್ಲಿರುವ ಮಗನಲ್ಲಿ ಎಷ್ಟು ಕಳುಹಿಸಿದೆ ಎಂದು ಕೇಳುವಾಗ, ಎಷ್ಟು ಸಾಲವಿದೆ ಎಂದೂ ಅಕ್ಕರೆಯಿಂದ ಕೇಳಲಿ. ಕೇಳುವವರಿದ್ದರೆ ಅವನು ಹೇಳಿಯಾನು. ಹೇಳಿದರೆ ದಾರಿ ಕಂಡೀತು.